ಮೂರು ಕೊಟೇಶನ್, ಮೂರು ಲೆಕ್ಕ: ಗ್ಯಾಸ್ ಹರಿವನ್ನು ಯಾವ ಅಳತೆಯಲ್ಲಿ ಕೇಳಬೇಕು?

ಪೀಣ್ಯದಲ್ಲಿ ಶೀಟ್ ಮೆಟಲ್ ಕೆಲಸ ಮಾಡುವ ಗೆಳೆಯರೊಬ್ಬರು ಒಂದು ದಿನ ಮೂರು ಕೊಟೇಶನ್ ಹಿಡಿದುಕೊಂಡು ಬಂದರು. ಅವರ ಲೇಸರ್ ಕಟಿಂಗ್ ಮಷೀನಿಗೆ ನೈಟ್ರೋಜನ್ ಬೇಕು. ಸಿಲಿಂಡರ್ ಬದಲಾಯಿಸಿ ಬದಲಾಯಿಸಿ ಸಾಕಾಗಿ, ಸ್ವಂತ ನೈಟ್ರೋಜನ್ ಜನರೇಟರ್ ಹಾಕಿಸೋಣ ಅಂತ ಹೊರಟಿದ್ದರು. ಮಷೀನ್ ಕೊಟ್ಟವರು ಹೇಳಿದ ಅಗತ್ಯ ಗಂಟೆಗೆ 50 ಎನ್‌ಎಂ ಕ್ಯೂಬ್, ಅಂದರೆ 0 ಡಿಗ್ರಿಗೆ, ಸಮುದ್ರಮಟ್ಟದ ಒತ್ತಡಕ್ಕೆ ಇಳಿಸಿ ಹೇಳಿದ 50 ನಾರ್ಮಲ್ ಘನ ಮೀಟರ್.

ಮೊದಲ ಕೊಟೇಶನ್‌ನಲ್ಲಿ ಬರೆದದ್ದು ಗಂಟೆಗೆ 50 ಎನ್‌ಎಂ ಕ್ಯೂಬ್. ಎರಡನೆಯದರಲ್ಲಿ 32 ಎಸ್‌ಸಿಎಫ್‌ಎಂ, ಅಂದರೆ ನಿಮಿಷಕ್ಕೆ 32 ಸ್ಟ್ಯಾಂಡರ್ಡ್ ಘನ ಅಡಿ. ಮೂರನೆಯದರಲ್ಲಿ ಗಂಟೆಗೆ 54 ಘನ ಮೀಟರ್, ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ "ಸೈಟ್ ಕಂಡೀಷನ್, 30 ಡಿಗ್ರಿ". ಬೆಲೆ ನೋಡಿದರೆ ಮೂರನೆಯದೇ ಅಗ್ಗ.

"54 ಅಂದ್ರೆ 50ಕ್ಕಿಂತ ಜಾಸ್ತಿ ಅಲ್ವಾ ಸರ್? ರೇಟೂ ಕಮ್ಮಿ ಇದೆ. ಇದನ್ನೇ ತಗೊಂಡುಬಿಡ್ಲಾ?"

ಸ್ವಲ್ಪ ತಡೀರಿ, ಕಾಫಿ ಕುಡಿಯುತ್ತಾ ಲೆಕ್ಕ ಹಾಕೋಣ ಅಂದೆ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಕಂಪ್ರೆಸರ್ ಕೊಳ್ಳುವವರಿಗೆ, ಆಕ್ಸಿಜನ್ ಪ್ಲಾಂಟ್ ನೋಡಿಕೊಳ್ಳುವವರಿಗೆ, ಮನೆಯ ಗ್ಯಾಸ್ ಬಿಲ್ ನೋಡಿ ತಲೆ ಕೆರೆದುಕೊಳ್ಳುವವರಿಗೆ ಇದೇ ಲೆಕ್ಕ ಬೇಕಾಗುತ್ತದೆ.

ಮಂಡಕ್ಕಿಯ ಸೇರು

ಸಂತೆಯಲ್ಲಿ ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಕೊಡುವುದನ್ನು ನೋಡಿರುತ್ತೀರಿ. ಮಾರುವವನು ಹಗುರವಾಗಿ ಸುರಿದು ಅಳೆದರೆ ಒಂದು ಲೆಕ್ಕ, ಅಂಗೈಯಿಂದ ಒತ್ತಿ ತುಂಬಿದರೆ ಇನ್ನೊಂದು. ಸೇರು ಅದೇ, ಒಳಗಿನ ಕಾಳು ಬೇರೆ. ನೀರನ್ನು ಹಾಗೆ ಒತ್ತಲು ಆಗುವುದಿಲ್ಲ. ಅದಕ್ಕೇ ನೀರಿಗೆ ಲೀಟರ್ ಅಂದರೆ ಸಾಕು, ಮತ್ತೆ ಪ್ರಶ್ನೆ ಇಲ್ಲ.

ಗ್ಯಾಸ್ ಮಂಡಕ್ಕಿಯ ಜಾತಿ. ಒತ್ತಡ ಹೆಚ್ಚಿದರೆ ಅದೇ ಜಾಗದಲ್ಲಿ ಹೆಚ್ಚು ಗ್ಯಾಸ್ ಕೂರುತ್ತದೆ. ಬಿಸಿಯಾದರೆ ಹಿಗ್ಗಿ, ಅದೇ ಜಾಗದಲ್ಲಿ ಕಡಿಮೆ ಕೂರುತ್ತದೆ. ಹಾಗಾಗಿ "ಗಂಟೆಗೆ 54 ಘನ ಮೀಟರ್" ಅಂತ ಯಾರಾದರೂ ಹೇಳಿದರೆ ಅದು ಅರ್ಧ ಮಾತು. ಎಷ್ಟು ಒತ್ತಡದಲ್ಲಿ, ಎಷ್ಟು ಡಿಗ್ರಿಯಲ್ಲಿ ಅಂತ ಕೇಳಿದ ಮೇಲೆ ಆ ಮಾತು ಪೂರ್ತಿಯಾಗುತ್ತದೆ.

ಈ ಸಮಸ್ಯೆಗೆ ಜನ ಮೂರು ದಾರಿ ಹುಡುಕಿಕೊಂಡಿದ್ದಾರೆ. ಇದ್ದ ಜಾಗದ ಗಾತ್ರವನ್ನೇ ಹೇಳುವುದು ಒಂದು. ಎಲ್ಲರೂ ಒಪ್ಪಿದ ಒಂದು ಒತ್ತಡ, ಒಂದು ಡಿಗ್ರಿಗೆ ಇಳಿಸಿ ಹೇಳುವುದು ಇನ್ನೊಂದು. ಸುಮ್ನೆ ತೂಕ ಹೇಳಿಬಿಡುವುದು ಮೂರನೆಯದು. ಮೂರಕ್ಕೂ ಅದರದ್ದೇ ಜಾಗ ಇದೆ.

ಇದ್ದಲ್ಲಿಯ ಅಳತೆ: ಸಿಎಫ್‌ಎಂ, ಎಲ್‌ಪಿಎಂ, ಘನ ಮೀಟರ್

ಸಿಎಫ್‌ಎಂ ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ. ಎಲ್‌ಪಿಎಂ ಅಂದರೆ ನಿಮಿಷಕ್ಕೆ ಇಷ್ಟು ಲೀಟರ್. ಇವುಗಳ ನಡುವಿನ ಬದಲಾವಣೆ ಬರೀ ಗುಣಾಕಾರ. 1 ಸಿಎಫ್‌ಎಂ ಅಂದರೆ 28.3 ಎಲ್‌ಪಿಎಂ, ಅಥವಾ ಗಂಟೆಗೆ 1.7 ಘನ ಮೀಟರ್. ಗಂಟೆಗೆ 1 ಘನ ಮೀಟರ್ ಅಂದರೆ 16.7 ಎಲ್‌ಪಿಎಂ. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಫೋನಿನ ಕ್ಯಾಲ್ಕುಲೇಟರ್ ಮಿಕ್ಕಿದ್ದು ನೋಡಿಕೊಳ್ಳುತ್ತದೆ. ಇಲ್ಲಿ ಯಾರೂ ಮೋಸ ಹೋಗುವುದಿಲ್ಲ.

ಮೋಸ ಹೋಗುವುದು ಊರಿನ ಗಾಳಿಯಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಕಡಲತೀರದಲ್ಲಿ ಗಾಳಿಯ ಒತ್ತಡ ಸುಮಾರು 1.01 ಬಾರ್ ಇದ್ದರೆ ಇಲ್ಲಿ 0.91 ಬಾರ್ ಆಸುಪಾಸು. 100 ಸಿಎಫ್‌ಎಂ ಕಂಪ್ರೆಸರ್ ಎರಡೂ ಊರಿನಲ್ಲಿ 100 ಸಿಎಫ್‌ಎಂ ಗಾಳಿಯನ್ನೇ ಎಳೆಯುತ್ತದೆ. ಆದರೆ ಇಲ್ಲಿನ ಗಾಳಿ ತೆಳು. 30 ಡಿಗ್ರಿಯಲ್ಲಿ ಬೆಂಗಳೂರಿನ 100 ಸಿಎಫ್‌ಎಂ ಒಳಗೆ ಇರುವುದು ಗಂಟೆಗೆ ಸುಮಾರು 137 ಎನ್‌ಎಂ ಕ್ಯೂಬ್ ಗಾಳಿ. ಮಂಗಳೂರಿನಲ್ಲಿ ಅದು 152ರ ಹತ್ತಿರ. ಅಲ್ಲಿನ ಸೆಕೆಯಲ್ಲಿ ಗಾಳಿಯ ಒಂದು ಪಾಲು ನೀರಾವಿಯೇ ಇರುತ್ತದೆ. ಅದನ್ನು ಕಳೆದರೆ 147 ಅಥವಾ 148. ಕಳೆದರೂ ಬೆಂಗಳೂರಿಗಿಂತ ಜಾಸ್ತಿಯೇ.

ಹಾಗಂತ ಈ ಅಳತೆ ಕೆಲಸಕ್ಕೆ ಬಾರದ್ದು ಅಂತ ಅಲ್ಲ. ಪೈಪ್ ಎಷ್ಟು ದಪ್ಪ ಇರಬೇಕು, ಗ್ಯಾಸ್ ಎಷ್ಟು ವೇಗದಲ್ಲಿ ಓಡುತ್ತದೆ, ಎಕ್ಸಾಸ್ಟ್ ಫ್ಯಾನ್ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ಇದೇ ಬೇಕು. ನನ್ನ ಗೆಳೆಯರ 50 ಎನ್‌ಎಂ ಕ್ಯೂಬ್ ನೈಟ್ರೋಜನ್ 30 ಡಿಗ್ರಿಯಲ್ಲಿ, ಗೇಜ್ 10 ಬಾರ್ ತೋರಿಸುವ ಪೈಪಿನೊಳಗೆ ಹೋಗುವಾಗ ಅದರ ನಿಜವಾದ ಗಾತ್ರ ಗಂಟೆಗೆ 5.15 ಘನ ಮೀಟರ್ ಮಾತ್ರ. ಪೈಪ್ ಹಾಕುವವನಿಗೆ 50 ಅಂತ ಹೇಳಿದರೆ ಅವನು ಹತ್ತು ಪಟ್ಟು ಹರಿವಿಗೆ ಪೈಪ್ ತರುತ್ತಾನೆ, ದುಡ್ಡು ನಿಮ್ಮದು.

ಕಂಪ್ರೆಸರ್ ಮಾರುವವರು ಎಫ್‌ಎಡಿ ಅನ್ನುತ್ತಾರಲ್ಲ, ಅದೂ ಇದೇ ಮನೆಯ ಮಗು. ಕಂಪ್ರೆಸರ್ ಹೊರಗೆ ಕೊಟ್ಟ ಗಾಳಿಯನ್ನು ಅದು ಒಳಗೆ ಎಳೆದುಕೊಂಡ ಸ್ಥಿತಿಗೆ ತಿರುಗಿಸಿ ಹೇಳಿದ ಲೆಕ್ಕ ಅದು. ಸ್ಕ್ರೂ ಕಂಪ್ರೆಸರ್ ಕ್ಯಾಟಲಾಗಿನಲ್ಲಿ ಸಾಮಾನ್ಯವಾಗಿ ಐಎಸ್ಒ 1217 ಪ್ರಕಾರ 1 ಬಾರ್, 20 ಡಿಗ್ರಿ, ಒಣ ಗಾಳಿ ಅಂತ ಬರೆದಿರುತ್ತಾರೆ.

ಗ್ಯಾರೇಜಿನ ಸಣ್ಣ ಪಿಸ್ಟನ್ ಕಂಪ್ರೆಸರ್ ಕಥೆ ಬೇರೆ. ಅದರ ತಗಡಿನ ಮೇಲೆ 15 ಸಿಎಫ್‌ಎಂ ಅಂತ ಇದ್ದರೆ ಅದು ಬಹಳ ಸಲ ಪಿಸ್ಟನ್ ಅಗಲ, ಅದು ಓಡುವ ದೂರ, ಆರ್‌ಪಿಎಂ ಮೂರನ್ನೂ ಗುಣಿಸಿ ಬರೆದ ಅಂಕಿ. ನಿಜವಾಗಿ ಹೊರಬರುವ ಗಾಳಿ ಅದರಲ್ಲಿ ಮೂರನೇ ಎರಡು ಭಾಗದಷ್ಟು. ಅನುಮಾನ ಇದ್ದರೆ ವಾಚ್ ಹಿಡಿದು ನಿಲ್ಲಿ. ನಾನೊಮ್ಮೆ ಹಾಗೆ ನಿಂತಿದ್ದೆ. 220 ಲೀಟರ್ ಟ್ಯಾಂಕ್. ಪೂರ್ತಿ ಖಾಲಿ ಮಾಡಿ, ಔಟ್‌ಲೆಟ್ ವಾಲ್ವ್ ಮುಚ್ಚಿ, ಸ್ವಿಚ್ ಹಾಕಿದೆವು. ಮುಳ್ಳು 7 ಬಾರ್ ಮುಟ್ಟಲು 6 ನಿಮಿಷ ಹಿಡಿಯಿತು. 220ನ್ನು 7ರಿಂದ ಗುಣಿಸಿದರೆ 1540. ಅದನ್ನು ಬೆಂಗಳೂರಿನ 0.91ರಿಂದ ಭಾಗಿಸಿದರೆ ಸುಮಾರು 1690 ಲೀಟರ್ ಹೊರಗಿನ ಗಾಳಿ. 6 ನಿಮಿಷಕ್ಕೆ ಹಂಚಿದರೆ 282 ಎಲ್‌ಪಿಎಂ, ಅಂದರೆ 10 ಸಿಎಫ್‌ಎಂ. ತಗಡಿನ ಮೇಲಿದ್ದದ್ದು 15. ಟ್ಯಾಂಕಿನೊಳಗಿನ ಗಾಳಿ ಬಿಸಿ ಇದ್ದದ್ದರಿಂದ ಆ 10 ಕೂಡ ಸ್ವಲ್ಪ ಉದಾರ ಲೆಕ್ಕವೇ. ಸ್ಪ್ರೇ ಗನ್ ಯಾಕೆ ನಡುವೆ ಉಸಿರು ಕಟ್ಟುತ್ತಿತ್ತು ಅಂತ ಅವತ್ತು ಗೊತ್ತಾಯಿತು.

ನಾರ್ಮಲ್, ಸ್ಟ್ಯಾಂಡರ್ಡ್: ಹೆಸರು ಎರಡು, ಅರ್ಥ ಹತ್ತು

ಹಿಂದೆ ಒಂದೊಂದು ಸೀಮೆಗೆ ಒಂದೊಂದು ಸೇರು ಇತ್ತು. ಗ್ಯಾಸ್ ಲೋಕದಲ್ಲಿ ಅದು ಇನ್ನೂ ಇದೆ.

ನಾರ್ಮಲ್ ಅನ್ನುವುದು ಹೆಚ್ಚುಕಡಿಮೆ ಗಟ್ಟಿಯಾಗಿ ನಿಂತಿದೆ: 0 ಡಿಗ್ರಿ ಸೆಲ್ಸಿಯಸ್, 1.01325 ಬಾರ್. ಇದು ಜರ್ಮನಿಯ ಡಿಐಎನ್ 1343 ಹೇಳುವ ಸ್ಥಿತಿ. ಯುರೋಪಿನ ಮಷೀನ್ ಕೊಂಡರೆ ಇದೇ ಸಿಗುತ್ತದೆ. ಎನ್ ಅಕ್ಷರ ನೋಡಿ ನ್ಯೂಟನ್ ಅಂತ ಓದಿದ ಹೊಸ ಎಂಜಿನಿಯರ್‌ಗಳನ್ನು ನೋಡಿದ್ದೇನೆ, ಅವರ ತಪ್ಪೇನೂ ಇಲ್ಲ.

ಸ್ಟ್ಯಾಂಡರ್ಡ್ ಅನ್ನುವ ಪದ ಮಾತ್ರ ನಂಬುವ ಹಾಗಿಲ್ಲ. ನೈಸರ್ಗಿಕ ಅನಿಲಕ್ಕೆ ಐಎಸ್ಒ 13443 ಹೇಳುವುದು 15 ಡಿಗ್ರಿ, 1.01325 ಬಾರ್. ನಮ್ಮ ದೇಶದ ಗ್ಯಾಸ್ ವ್ಯವಹಾರದ ಎಸ್‌ಸಿಎಂ, ಅಂದರೆ ಸ್ಟ್ಯಾಂಡರ್ಡ್ ಘನ ಮೀಟರ್ ಕೂಡ ಇದೇ ಸ್ಥಿತಿಯದು. ಅಮೆರಿಕದ ಗ್ಯಾಸ್ ಕಂಪನಿಗಳಿಗೆ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 15.6 ಡಿಗ್ರಿ. ಅಲ್ಲೇ ಸಿಲಿಂಡರ್ ಗ್ಯಾಸ್ ಮಾರುವವರಿಗೆ 70 ಫ್ಯಾರನ್‌ಹೀಟ್. ಅಲ್ಲೇ ಕಂಪ್ರೆಸರ್ ಮಾಡುವವರಿಗೆ 68 ಫ್ಯಾರನ್‌ಹೀಟ್, 14.5 ಪಿಎಸ್ಐ. ಚಿಪ್ ಕಾರ್ಖಾನೆಯಲ್ಲಿ ಗ್ಯಾಸ್ ಹರಿವನ್ನು ಹಿಡಿತದಲ್ಲಿಡುವ ಮಾಸ್ ಫ್ಲೋ ಕಂಟ್ರೋಲರ್‌ನಲ್ಲಿ ಎಸ್‌ಎಲ್‌ಪಿಎಂ (ಸ್ಟ್ಯಾಂಡರ್ಡ್ ಎಲ್‌ಪಿಎಂ) ಅಂತ ಬರೆದಿದ್ದರೆ ಸಾಮಾನ್ಯವಾಗಿ 0 ಡಿಗ್ರಿ. ಹೆಸರು ಸ್ಟ್ಯಾಂಡರ್ಡ್, ಒಳಗೆ ಕೂತಿರುವುದು ನಾರ್ಮಲ್!

ಪಿಯುಸಿಯಲ್ಲಿ ಒಂದು ಮೋಲ್ ಗ್ಯಾಸ್ ಅಂದರೆ 22.4 ಲೀಟರ್ ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಈಗಿನ ಮಕ್ಕಳನ್ನು ಕೇಳಿ, 22.7 ಅನ್ನುತ್ತಾರೆ. ಇಬ್ಬರೂ ಸರಿ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ 1982ರಲ್ಲಿ ಎಸ್‌ಟಿಪಿಯ, ಅಂದರೆ ಈ ಮೋಲ್ ಲೆಕ್ಕದ ಸ್ಟ್ಯಾಂಡರ್ಡ್ ಸ್ಥಿತಿಯ, ಒತ್ತಡವನ್ನು 1 ಅಟ್ಮಾಸ್ಫಿಯರ್‌ನಿಂದ 1 ಬಾರ್‌ಗೆ ಇಳಿಸಿತು. ಅಪ್ಪ-ಮಗಳ ಜಗಳಕ್ಕೆ ಇದೇ ಕಾರಣ.

ಈಗ ಬದಲಾಯಿಸುವ ಸೂತ್ರ. ಒಂದೇ ಇದೆ. ಇದ್ದಲ್ಲಿಯ ಗಾತ್ರವನ್ನು ಒತ್ತಡದಿಂದ ಗುಣಿಸಿ, 1.013ರಿಂದ ಭಾಗಿಸಿ. ಆಮೇಲೆ 273ರಿಂದ ಗುಣಿಸಿ, 273ಕ್ಕೆ ಅಲ್ಲಿನ ಡಿಗ್ರಿ ಕೂಡಿಸಿ ಬಂದ ಅಂಕಿಯಿಂದ ಭಾಗಿಸಿ. ಬಂದದ್ದು ನಾರ್ಮಲ್ ಗಾತ್ರ. ಒತ್ತಡ ಅಂದರೆ ಇಲ್ಲಿ ಗೇಜಿನ ಮುಳ್ಳು ತೋರಿಸುವುದಷ್ಟೇ ಅಲ್ಲ, ಅದಕ್ಕೆ ಊರಿನ ಗಾಳಿಯ ಒತ್ತಡವನ್ನೂ ಕೂಡಿಸಬೇಕು. ಬೆಂಗಳೂರಿನಲ್ಲಿ ಮುಳ್ಳು 7 ಬಾರ್ ತೋರಿಸಿದರೆ ಲೆಕ್ಕಕ್ಕೆ 7.91. ಇದನ್ನು ಮರೆಯುವವರೇ ಹೆಚ್ಚು. 7 ಬಾರ್ ಕಡೆ ಮರೆತರೆ ನೂರಕ್ಕೆ ಹನ್ನೊಂದು, ಹನ್ನೆರಡು ವ್ಯತ್ಯಾಸ. ಅರ್ಧ ಬಾರ್ ಲೈನಿನಲ್ಲಿ ಮರೆತರೆ 1.41 ಆಗಬೇಕಾದದ್ದು 0.5 ಆಗುತ್ತದೆ. ಮೂರು ಪಟ್ಟಿನ ಹತ್ತಿರ ತಪ್ಪು.

ಇನ್ನು ಕಾಫಿ ಟೇಬಲ್ಲಿಗೆ ಬರೋಣ. ಮೊದಲನೆಯವರು ಕೇಳಿದ್ದನ್ನೇ ಬರೆದಿದ್ದಾರೆ: 50. ಎರಡನೆಯವರ 32 ಎಸ್‌ಸಿಎಫ್‌ಎಂ ಅಂದರೆ ಗಂಟೆಗೆ 54.4 ಸ್ಟ್ಯಾಂಡರ್ಡ್ ಘನ ಮೀಟರ್. ಅವರ ಸ್ಟ್ಯಾಂಡರ್ಡ್ 1 ಬಾರ್, 20 ಡಿಗ್ರಿ ಆಗಿದ್ದರೆ ಸರಿಯಾಗಿ 50 ಎನ್‌ಎಂ ಕ್ಯೂಬ್. 60 ಫ್ಯಾರನ್‌ಹೀಟ್ ಆಗಿದ್ದರೆ 51.4. ಅಕಸ್ಮಾತ್ 0 ಡಿಗ್ರಿ ಆಗಿದ್ದರೆ 54.4 ಪೂರ್ತಿ. ಕೊಟೇಶನ್‌ನಲ್ಲಿ ಯಾವುದು ಅಂತ ಬರೆದಿರಲಿಲ್ಲ, ಆದರೆ ಹೇಗೆ ನೋಡಿದರೂ 50ಕ್ಕೆ ಕಮ್ಮಿ ಇಲ್ಲ.

ಮೂರನೆಯದು 54. ಸೈಟ್ ಒತ್ತಡ 0.91, ಸೈಟ್ ಉಷ್ಣಾಂಶ 30. ಗುಣಿಸಿ ಭಾಗಿಸಿದರೆ ಬಂದದ್ದು 43.7.

ಗೆಳೆಯರು ಕಾಫಿ ಲೋಟ ಕೆಳಗಿಟ್ಟರು. "ಅಂದ್ರೆ 54 ಇರೋದು 50ಕ್ಕಿಂತ ಕಮ್ಮೀನಾ?" ಹೌದು, ಆರು ಘನ ಮೀಟರಿಗೂ ಮಿಕ್ಕಿ ಕಮ್ಮಿ. ಸುಳ್ಳೇನೂ ಬರೆದಿರಲಿಲ್ಲ ಪಾಪ, ಇರುವೆ ಅಕ್ಷರದಲ್ಲಿ ಎಲ್ಲ ಇತ್ತು.

ತೂಕದ ಲೆಕ್ಕ

ಒತ್ತಡ, ಡಿಗ್ರಿ ಅಂತ ಇಷ್ಟೆಲ್ಲ ರಗಳೆ ಯಾಕೆ, ತೂಕ ಹಾಕಿಬಿಟ್ಟರೆ ಆಗಲ್ವಾ ಅಂತ ಕೇಳಬಹುದು. ಖಂಡಿತ ಆಗುತ್ತದೆ. ಒಂದು ಕೆಜಿ ಗ್ಯಾಸ್ ಮಡಿಕೇರಿಯಲ್ಲೂ ಒಂದು ಕೆಜಿ, ರಾಯಚೂರಿನ ಬಿಸಿಲಲ್ಲೂ ಒಂದು ಕೆಜಿ. ಸಿಎನ್‌ಜಿ ಬಂಕಿನಲ್ಲಿ ಆಟೋಗೆ ಕೆಜಿ ಲೆಕ್ಕದಲ್ಲಿ ತುಂಬುವುದು ಇದಕ್ಕೇ. 200 ಬಾರ್ ಒತ್ತಡದಲ್ಲಿ, ತುಂಬುತ್ತಾ ತುಂಬುತ್ತಾ ಬಿಸಿಯಾಗುವ ಸಿಲಿಂಡರಿನಲ್ಲಿ ಲೀಟರ್ ಲೆಕ್ಕ ಹಿಡಿದರೆ ದಿನಾ ಜಗಳ. ಬಾಯ್ಲರ್‌ನವರು ಸ್ಟೀಮನ್ನು ಗಂಟೆಗೆ ಇಷ್ಟು ಕೆಜಿ ಅಥವಾ ಟನ್ ಅನ್ನುವುದೂ ಇದಕ್ಕೇ.

ನಾರ್ಮಲ್ ಘನ ಮೀಟರ್ ಕೂಡ ನಿಜ ಹೇಳಬೇಕೆಂದರೆ ವೇಷ ಹಾಕಿದ ಕೆಜಿಯೇ. ಒಂದು ಎನ್‌ಎಂ ಕ್ಯೂಬ್ ನೈಟ್ರೋಜನ್ 1.25 ಕೆಜಿ, ಆಕ್ಸಿಜನ್ 1.43, ಗಾಳಿ 1.29, ಆರ್ಗಾನ್ 1.78, ಕಾರ್ಬನ್ ಡೈಆಕ್ಸೈಡ್ 1.98, ಮೀಥೇನ್ 0.72. ಗೆಳೆಯರ 50 ಎನ್‌ಎಂ ಕ್ಯೂಬ್ ಅಂದರೆ ಗಂಟೆಗೆ 62.5 ಕೆಜಿ ನೈಟ್ರೋಜನ್, ದ್ರವ ರೂಪದಲ್ಲಿ ತರಿಸಿದರೆ ಸುಮಾರು 77 ಲೀಟರ್. ಜನರೇಟರ್ ಹಾಕುವುದೋ, ದ್ರವ ನೈಟ್ರೋಜನ್ ತರಿಸುವುದೋ ಅಂತ ತೂಗಿ ನೋಡುವವರಿಗೆ ಈ ಅಂಕಿ ಬೇಕೇ ಬೇಕು.

ತೂಕದ ಮೀಟರ್ ದುಬಾರಿ ಅನ್ನುವುದೊಂದೇ ತೊಂದರೆ. ಸಣ್ಣ ವರ್ಕ್‌ಶಾಪಿಗೆ ಅದು ಹೊರೆ.

2021ರ ಏಪ್ರಿಲ್-ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿಗೆ, ಈ ಮೂರೂ ಭಾಷೆ ಒಂದೇ ಆಸ್ಪತ್ರೆಯೊಳಗೆ ಡಿಕ್ಕಿ ಹೊಡೆದವು. ವಾರ್ಡಿನ ಡಾಕ್ಟರ್ ಎಲ್‌ಪಿಎಂ ಅನ್ನುತ್ತಿದ್ದರು, ಟ್ಯಾಂಕರ್‌ನವರು ಟನ್ ಅನ್ನುತ್ತಿದ್ದರು, ಸಿಲಿಂಡರ್‌ನವರು ಘನ ಮೀಟರ್. ಡಿ ಟೈಪ್ ದೊಡ್ಡ ಸಿಲಿಂಡರಿನಲ್ಲಿ 7 ಘನ ಮೀಟರ್, ಅಂದರೆ 7000 ಲೀಟರ್ ಆಕ್ಸಿಜನ್. 10 ಎಲ್‌ಪಿಎಂ ಬೇಕಾದ ಒಬ್ಬ ರೋಗಿಗೆ ಅದು ಹನ್ನೊಂದೂವರೆ ಗಂಟೆ ಬರುತ್ತದೆ. ಒಂದು ಟನ್ ದ್ರವ ಆಕ್ಸಿಜನ್ ಅಂದರೆ 700 ಎನ್‌ಎಂ ಕ್ಯೂಬ್, ಸುಮಾರು 100 ಸಿಲಿಂಡರ್. ಆಗ ಊರೂರಿಗೆ ಬಂದ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ 1000 ಎಲ್‌ಪಿಎಂ ಪಿಎಸ್ಎ ಪ್ಲಾಂಟ್ ದಿನವಿಡೀ ಓಡಿದರೆ 1440 ಘನ ಮೀಟರ್, ಇನ್ನೂರಕ್ಕೂ ಮೇಲೆ ಸಿಲಿಂಡರ್, ತೂಕದಲ್ಲಿ ಎರಡು ಟನ್ ಹತ್ತಿರ. ಈ ನಾಲ್ಕು ಸಾಲು ಗೋಡೆಗೆ ಅಂಟಿಸಿಕೊಂಡಿದ್ದ ಸ್ಟೋರ್ ಕೀಪರ್‌ಗಳು ಅವತ್ತು ನಿಜಕ್ಕೂ ಪುಣ್ಯದ ಕೆಲಸ ಮಾಡಿದರು.

ಮನೆಯ ಬಿಲ್ಲು

ಪೈಪ್ ಗ್ಯಾಸ್ ಬಿಲ್ಲಿನಲ್ಲಿ ಎಸ್‌ಸಿಎಂ ಇರುತ್ತದೆ. ಗೋಡೆಯ ಮೇಲಿನ ಮೀಟರ್ ಮಾತ್ರ ಇದ್ದಲ್ಲಿಯ ಗಾತ್ರವನ್ನೇ ಎಣಿಸುತ್ತದೆ, ಅದಕ್ಕೆ ಒತ್ತಡವೂ ಗೊತ್ತಿಲ್ಲ, ಡಿಗ್ರಿಯೂ ಗೊತ್ತಿಲ್ಲ. ಮನೆಗೆ ಗ್ಯಾಸ್ ಬರುವುದು 21 ಮಿಲಿಬಾರ್ ಒತ್ತಡದಲ್ಲಿ. ಬೆಂಗಳೂರಿನಲ್ಲಿ 25 ಡಿಗ್ರಿ ಇರುವಾಗ ಮೀಟರಿನ ಒಂದು ಘನ ಮೀಟರ್ ಲೆಕ್ಕಕ್ಕೆ 0.89 ಎಸ್‌ಸಿಎಂ ಆಗುತ್ತದೆ. ಬಿಲ್ಲಿನಲ್ಲಿ ಗುಣಕದ ಸಾಲು ಕಂಡರೆ ಅದು ಇದಕ್ಕೇ. ಕಾರ್ಖಾನೆಗಳಲ್ಲಿ ಮೀಟರಿನ ಪಕ್ಕದಲ್ಲೇ ವಾಲ್ಯೂಮ್ ಕರೆಕ್ಟರ್ ಅನ್ನುವ ಪೆಟ್ಟಿಗೆ ಇರುತ್ತದೆ. ಒತ್ತಡ, ಉಷ್ಣಾಂಶ ನೋಡಿ ಈ ಲೆಕ್ಕವನ್ನು ಅದೇ ಮಾಡುತ್ತದೆ.

ಸಿಲಿಂಡರಿಗೂ ಪೈಪಿಗೂ ಹೋಲಿಸುವಾಗ ಗಾತ್ರ ನೋಡಬೇಡಿ, ಶಾಖ ನೋಡಿ. 14.2 ಕೆಜಿ ಎಲ್‌ಪಿಜಿ ಆವಿಯಾದರೆ ಸುಮಾರು 6 ಘನ ಮೀಟರ್. ಆದರೆ ಅದು ಕೊಡುವ ಶಾಖಕ್ಕೆ ಸುಮಾರು 18 ಎಸ್‌ಸಿಎಂ ಪೈಪ್ ಗ್ಯಾಸ್ ಬೇಕು. ನಿಮ್ಮ ಸಿಲಿಂಡರಿನ ಬೆಲೆಯನ್ನು 18ರಿಂದ ಭಾಗಿಸಿ ಬಿಲ್ಲಿನ ದರದ ಪಕ್ಕ ಇಡಿ, ಅಷ್ಟೇ.

ಪತ್ರಿಕೆಯಲ್ಲಿ ಎಂಎಂಎಸ್‌ಸಿಎಂಡಿ ಅಂತ ಕಂಡು ಗಾಬರಿಯಾಗುವವರಿಗೆ ಒಂದು ಮಾತು. ಅಲ್ಲಿನ ಎಂ ರೋಮನ್ ಲೆಕ್ಕದ ಸಾವಿರ. ಎರಡು ಎಂ ಅಂದರೆ ಸಾವಿರದ ಸಾವಿರ, ಹತ್ತು ಲಕ್ಷ. 2013ರಲ್ಲಿ ಶುರುವಾದ ದಾಭೋಲ್-ಬೆಂಗಳೂರು ಪೈಪ್‌ಲೈನಿನ ಸಾಮರ್ಥ್ಯ 16 ಎಂಎಂಎಸ್‌ಸಿಎಂಡಿ, ಅಂದರೆ ದಿನಕ್ಕೆ 160 ಲಕ್ಷ ಸ್ಟ್ಯಾಂಡರ್ಡ್ ಘನ ಮೀಟರ್. ಅದೇ ಎಂ ಮೆಗಾವ್ಯಾಟ್‌ನಲ್ಲಿ ಒಂದೇ ಇದ್ದರೂ ಹತ್ತು ಲಕ್ಷ. ಯಾರು ಮಾಡಿದರೋ!

ರೋಟಾಮೀಟರ್ ಬಗ್ಗೆ ಒಂದು ಎಚ್ಚರಿಕೆ

ವೆಲ್ಡಿಂಗ್ ಶಾಪಿನಲ್ಲಿ ಗಾಜಿನ ಕೊಳವೆಯೊಳಗೆ ಗುಂಡು ತೇಲುತ್ತದಲ್ಲ, ಅದು ಒಂದೇ ಗ್ಯಾಸಿಗೆ ಗುರುತು ಹಾಕಿದ ಮೀಟರ್. ಆಕ್ಸಿಜನ್ ಮೀಟರಿನಲ್ಲಿ ಆರ್ಗಾನ್ ಬಿಟ್ಟರೆ 10 ತೋರಿಸುವಾಗ ಹೋಗುವುದು ಸುಮಾರು 9 ಎಲ್‌ಪಿಎಂ. ಹೇಗೋ ನಡೆಯುತ್ತದೆ. ಆರ್ಗಾನ್ ಮೀಟರಿನಲ್ಲಿ ಹೀಲಿಯಂ ಬಿಟ್ಟರೆ 10 ತೋರಿಸುತ್ತಾ ಸುಮಾರು 32 ಎಲ್‌ಪಿಎಂ ಹಾರಿಹೋಗುತ್ತದೆ, ಹೀಲಿಯಂ ಅಷ್ಟು ಹಗುರ. ಅದರ ಬೆಲೆ ಗೊತ್ತಿದ್ದವರಿಗೆ ಮತ್ತೆ ಹೇಳಬೇಕಾಗಿಲ್ಲ.

ಹಾಗಾದರೆ ಏನು ಕೇಳಬೇಕು?

ಗ್ಯಾಸ್ ಕೊಳ್ಳುವಾಗ, ಪ್ಲಾಂಟ್ ಹೋಲಿಸುವಾಗ ನಾನು ಕೇಳುವುದು ಎನ್‌ಎಂ ಕ್ಯೂಬ್. ಎಸ್‌ಸಿಎಫ್‌ಎಂ ಕೊಟ್ಟರೂ ಬೇಡ ಅನ್ನುವುದಿಲ್ಲ, ಆದರೆ ಪಕ್ಕದಲ್ಲಿ ಡಿಗ್ರಿ ಮತ್ತು ಒತ್ತಡ ಬರೆದು ಸಹಿ ಹಾಕಿ ಅನ್ನುತ್ತೇನೆ. ಬರೀ ಸಿಎಫ್‌ಎಂ ಅಥವಾ ಬರೀ ಘನ ಮೀಟರ್ ಕಂಡರೆ ಕೊಟೇಶನ್ ವಾಪಸ್. ಪೈಪ್, ಫ್ಯಾನ್, ಫಿಲ್ಟರ್ ವಿಷಯಕ್ಕೆ ಮಾತ್ರ ಇದ್ದಲ್ಲಿಯ ಗಾತ್ರ. ದ್ರವ ರೂಪದಲ್ಲಿ ಬರುವುದಕ್ಕೆ, ತಿಂಗಳ ಸ್ಟಾಕ್ ಲೆಕ್ಕಕ್ಕೆ ಕೆಜಿ. ಎನ್‌ಎಂ ಕ್ಯೂಬನ್ನು 15 ಡಿಗ್ರಿಯ ಎಸ್‌ಸಿಎಂ ಮಾಡಲು 1.055ರಿಂದ, 60 ಫ್ಯಾರನ್‌ಹೀಟಿನ ಎಸ್‌ಸಿಎಫ್‌ಎಂ ಮಾಡಲು 0.622ರಿಂದ ಗುಣಿಸುತ್ತೇನೆ. ಇವೆರಡೂ ನನ್ನ ಡೈರಿಯ ಮೊದಲ ಪುಟದಲ್ಲಿವೆ.

ಅವತ್ತು ಸಂಜೆಯೇ ಗೆಳೆಯರು ಮೂವರಿಗೂ ಒಂದೇ ಸಾಲಿನ ಮೇಲ್ ಹಾಕಿದರು: "ಗಂಟೆಗೆ 50 ಎನ್‌ಎಂ ಕ್ಯೂಬ್, 0 ಡಿಗ್ರಿ, 1.013 ಬಾರ್, ಬೆಂಗಳೂರಿನ ಎತ್ತರದಲ್ಲಿ, ಬೇಸಿಗೆಯಲ್ಲೂ." ಮೂರನೆಯವರು ಒಂದು ಮಾಡೆಲ್ ಮೇಲೆ ಹೋದರು, ಅವರ ಬೆಲೆ ಮೊದಲನೆಯವರನ್ನೂ ದಾಟಿತು.

ವಾರ ಕಳೆದು ಗೆಳೆಯರು ಮತ್ತೆ ಬಂದರು. ಈಗ ಮೂರರಲ್ಲೂ 50 ಅಂತಲೇ ಇತ್ತು. ಖುಷಿಯಲ್ಲಿದ್ದರು. ನಾನು ಕೆಳಗಿನ ಸಾಲು ತೋರಿಸಿದೆ. ಒಬ್ಬರ 50 ಎನ್‌ಎಂ ಕ್ಯೂಬ್ ಇದ್ದದ್ದು 99.9 ಶುದ್ಧತೆಯಲ್ಲಿ, ಇನ್ನೊಬ್ಬರದ್ದು 99.99ರಲ್ಲಿ. ಅದೇ ಮಷೀನಿನಲ್ಲಿ ಶುದ್ಧತೆ ಏರಿಸಿದರೆ ಹರಿವು ಇಳಿಯುತ್ತದೆ. ಮತ್ತೆ ಕಾಫಿ ತರಿಸಿದೆವು.